ಪಂಚಾಕ್ಷರಿ ಭಾವನ ಎಂಟನೇ ದೀಪ

“ಎಲ್ಲರೂ ಬಂದ್ರಾ? ಗಂಗಪ್ಪನವರೇ, ಆ ತಂತಿ ತುಳೀಬೇಡಿ! ಆಮೇಲೆ ನಿಮ್ಮ ಮಾತು ಪಕ್ಕದ ಬೀದಿಗೆ ಹೊರಟುಹೋದ್ರೆ ನಾನು ಜವಾಬ್ದಾರನಲ್ಲ!”

ಪಂಚಾಕ್ಷರಿ ಭಾವ ಹೀಗೆ ಕೂಗಿದ್ದು ಒಂದು ಭಾನುವಾರ ಬೆಳಿಗ್ಗೆ, ತಮ್ಮ ಮನೆಯ ಜಗಲಿಯ ಮೇಲೆ ನಿಂತು. ಭಾವ ಅಂದರೆ ನನ್ನ ಅಕ್ಕ ನೀಲಮ್ಮನ ಗಂಡ. ಕಲ್ಲುಕೆರೆ ಜಂಕ್ಷನ್ನಿನಲ್ಲಿ ಮೂವತ್ತೆಂಟು ವರ್ಷ ಸಿಗ್ನಲ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಎದುರು ಮನೆ ನನ್ನದು. ನಾನು ದಾಕ್ಷಾಯಿಣಿ, ಸೀರೆಗೆ ಫಾಲ್ ಹಚ್ಚಿಕೊಂಡು ಬದುಕುತ್ತಿರುವವಳು.

ಭಾವ ಇದಕ್ಕೂ ಮೊದಲು ಏನೇನು ಕಂಡುಹಿಡಿದಿದ್ದರು ಅಂತ ಹೇಳಹೊರಟರೆ ಸಂಜೆಯಾಗುತ್ತದೆ. ದೋಸೆ ಮಗುಚುವ ಯಂತ್ರ ಮಾಡಿದ್ದರು. ಅದು ಮಗುಚಿದ ದೋಸೆ ಇವತ್ತಿಗೂ ಅಡುಗೆಮನೆಯ ಮಾಡಿನಲ್ಲಿ ಅಂಟಿಕೊಂಡಿದೆ. ಹಾಲು ಉಕ್ಕಿದರೆ ಬಾರಿಸುವ ಗಂಟೆ ಮಾಡಿದ್ದರು. ಗಂಟೆಯ ಸದ್ದಿಗೆ ಬೆಚ್ಚಿ ಕೈಜಾರಿ ಎಷ್ಟು ಸಲ ಹಾಲು ಚೆಲ್ಲಿತೋ ಲೆಕ್ಕವಿಲ್ಲ. ಅಕ್ಕ ಎಲ್ಲವನ್ನೂ ಒರೆಸಿ, ಎಲ್ಲದಕ್ಕೂ ನಕ್ಕು, “ಪಾಪ, ಅವರಿಗೆ ಕೈ ಸುಮ್ನಿರಲ್ಲ ಕಣೇ” ಅನ್ನುತ್ತಿದ್ದಳು.

ಅಕ್ಕ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಮಧ್ಯಾಹ್ನಕ್ಕೆ ನಾನೇ ಭಾವನಿಗೆ ಸಾರು, ಪಲ್ಯ ತಂದಿಡುತ್ತೇನೆ. “ಇಟ್ಟಿದೀನಿ” ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಇರಲಿಲ್ಲ. ಅಕ್ಕ ಕುಸಿದು ಬಿದ್ದಾಗ ಈ ಮನುಷ್ಯ ಹತ್ತೇ ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು ತಂತಿ ಬೆಸೆಯುತ್ತ ಕೂತಿದ್ದರು. ಅದನ್ನು ನಾನು ಮರೆತಿರಲಿಲ್ಲ. ಮರೆಯುವ ಉದ್ದೇಶವೂ ಇರಲಿಲ್ಲ.

ಆದರೂ ಅವತ್ತು ಹೋಗಿದ್ದೆ. ಬೀದಿಗೆ ಬೀದಿಯೇ ಹೋಗಿರುವಾಗ ನಾನೊಬ್ಬಳೇ ಏಕೆ ಬಿಡಲಿ!

ಸ್ಟೂಲಿನ ಮೇಲೆ ಕೆಂಪು ಬಣ್ಣದ ಕಬ್ಬಿಣದ ಪೆಟ್ಟಿಗೆ. ಗುಜರಿ ಅಂಗಡಿಯಿಂದ ತಂದಿದ್ದು. ಅದರ ನೆತ್ತಿಯಲ್ಲಿ ಹಳೇ ಛತ್ರಿಯ ಕಡ್ಡಿಗಳ ಏರಿಯಲ್ಲು. ಮುಂದುಗಡೆ ಸಾಲಾಗಿ ಎಂಟು ಪುಟ್ಟ ದೀಪ, ಒಂದು ದಪ್ಪ ತಿರುಗುಣಿ.

“ಮನುಷ್ಯ ಕೆಡೋದು ಎಲ್ಲಿ ಗೊತ್ತಾ? ‘ಇರಿ, ಬಂದೆ’ ಅಂತಾನಲ್ಲ, ಅಲ್ಲಿ!” ಎಂದರು ಭಾವ. “ಒಂದು ಕೆಲಸ ಹಿಡಿದಿರ್ತಾನೆ. ನಡುವೆ ಇನ್ನೊಂದಕ್ಕೆ ಕಾಯಬೇಕಾಗುತ್ತೆ. ‘ಇರಿ, ಬಂದೆ’ ಅಂತ ಏಳ್ತಾನೆ. ವಾಪಸ್ ಬರೋ ಹೊತ್ತಿಗೆ ಎಲ್ಲಿ ಬಿಟ್ಟಿದ್ದೆ ಅನ್ನೋದೇ ಮರೆತಿರ್ತಾನೆ! ಇನ್ಮೇಲೆ ಹಾಗಾಗಲ್ಲ. ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನದನ್ನ ಈ ಪೆಟ್ಟಿಗೆ ಹಿಡಿದಿಟ್ಕೊಳ್ಳುತ್ತೆ. ಯಾವುದಕ್ಕೆ ಕಾಯ್ತಿದ್ದರೋ ಅದು ಮುಗಿದ ಕೂಡಲೇ ಮುಂದಕ್ಕೆ ಬಿಡುತ್ತೆ!”

“ಅದಕ್ಕೆ ಪೆಟ್ಟಿಗೆ ಯಾಕೆ? ಸೀರೆ ಸೆರಗಿಗೆ ಗಂಟು ಹಾಕ್ಕೊಂಡ್ರೆ ಸಾಲದಾ?” ಎಂದರು ಗಂಗಪ್ಪನವರ ಹೆಂಡತಿ ವನಜಾಕ್ಷಮ್ಮ.

“ನೀವೇ ಬನ್ನಿ ಅಮ್ಮ ಮುಂದೆ. ಏನಾದ್ರೂ ಹೇಳಿ.”

ವನಜಾಕ್ಷಮ್ಮನಿಗೆ ಹೇಳಲು ಇರುವುದು ಒಂದೇ ವಿಷಯ. ಅವರ ತಾಯಿಯ ಬೆಳ್ಳಿ ಲೋಟವನ್ನು ತಂಗಿ ಸರ್ವಮಂಗಳ ಹೊಡೆದುಕೊಂಡು ಹೋದದ್ದು. ಶುರುಮಾಡಿದರು. “ಸಂಕ್ರಾಂತಿ ದಿನ ಬಂದಳು, ನಗುನಗ್ತಾ ಕಾಫಿ ಕುಡಿದಳು, ನಾನು ಈ ಕಡೆ ತಿರುಗೋದ್ರೊಳಗೆ ಆ ಬೆಳ್ಳಿ ಲೋ...” ಅಷ್ಟರಲ್ಲಿ ಅವರ ಮನೆಯ ಕುಕ್ಕರ್ ಕೂಗಿತು. “ಇರಿ, ಇಳಿಸಿ ಬಂದೆ” ಎಂದು ಓಡಿದರು. ಟಪ್ಪನೆ ಒಂದು ದೀಪ ಹೊತ್ತಿತು. ಹತ್ತು ನಿಮಿಷ ಬಿಟ್ಟು ಸೆರಗಿಗೆ ಕೈ ಒರೆಸುತ್ತ ಅವರು ಹಿಂತಿರುಗುತ್ತಿದ್ದ ಹಾಗೇ ದೀಪ ಆರಿತು. ವನಜಾಕ್ಷಮ್ಮ ಬಾಯಿ ತೆರೆದರು. “...ಟ ಮಾಯ!”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮೆಲ್ಲಗೆ. ಆದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಸಾಲಿನ ಕೊನೆಯ ಎಂಟನೇ ದೀಪ ನಾವು ಬರುವ ಮೊದಲೇ ಹೊತ್ತಿತ್ತು. ಈಗಲೂ ಉರಿಯುತ್ತಲೇ ಇತ್ತು.

“ಅದು ಯಾರದ್ದು ಭಾವ?” ಎಂದೆ.

“ಅದಾ? ಅದು ಪರೀಕ್ಷೆಗೆ ಅಂತ ಇಟ್ಟಿದ್ದು” ಎಂದು ಹೇಳಿ ಆ ಮನುಷ್ಯ ಪೆಟ್ಟಿಗೆಗೆ ಅಡ್ಡ ನಿಂತರು.

ಒಂದು ವಾರ ಬೀದಿ ಸ್ವರ್ಗವಾಗಿತ್ತು. ಅರ್ಧ ಬಿಟ್ಟ ರಂಗೋಲಿ ಪೂರ್ತಿಯಾಯಿತು. ಕೆಂಚಪ್ಪ ಮೇಷ್ಟ್ರು ನಿವೃತ್ತರಾದ ದಿನದಿಂದ ಓದುತ್ತಿದ್ದ ಒಂದೇ ಪುಸ್ತಕದ ಹದಿನೇಳನೇ ಪುಟ ದಾಟಿದರು!

ಎಂಟನೆಯ ದಿನ ಗಂಗಪ್ಪನವರು ಕೂತಲ್ಲೇ ಕೂತರು.

ಅವತ್ತು ಅವರ ತಂಗಿಯ ಮಗಳ ಮದುವೆ. ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕಲು ನಿಂತವರು, “ಇರು, ಇಸ್ತ್ರಿಪೆಟ್ಟಿಗೆ ಮತ್ತೆ ಬಿಸಿಯಾಗಲಿ” ಎಂದು ಅರ್ಧಕ್ಕೆ ಬಿಟ್ಟು ಕುರ್ಚಿಯಲ್ಲಿ ಕೂತರಂತೆ. ಕೂತವರು, “ಅಂಗಿ ಸಿದ್ಧವಾಗೋವರೆಗೂ ನಾನು ಇಲ್ಲಿಂದ ಏಳಲ್ಲ” ಎಂದು ಹೆಂಡತಿಗೆ ಹೇಳಿದರಂತೆ. ಅಷ್ಟೇ! ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ವನಜಾಕ್ಷಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕೊನೆಗೆ ಅಳುತ್ತ ನಮ್ಮನ್ನು ಕರೆದರು. ಗಂಗಪ್ಪನವರು ಬನಿಯನ್ನಿನಲ್ಲಿ ಕಣ್ಣು ಮಿಟುಕಿಸುತ್ತ ಕೂತಿದ್ದರು. ಕೈ ಹಿಡಿದು ಎಳೆದರೂ ಏಳಲಿಲ್ಲ.

ಭಾವ ಹಣೆ ಚಚ್ಚಿಕೊಂಡರು. “ಅಯ್ಯೋ! ಸಿಂಗಲ್ ಲೈನು! ಮಿಕ್ಕ ಇಸ್ತ್ರಿನ ಗಂಗಪ್ಪನವರೇ ಹಾಕಬೇಕು ಅಂತ ಪೆಟ್ಟಿಗೆ ಕಾಯ್ತಿದೆ. ಅಂಗಿ ಬರಲಿ ಅಂತ ಗಂಗಪ್ಪನವರು ಕಾಯ್ತಿದಾರೆ. ಇವರು ಲೈನ್ ಬಿಟ್ಟು ಏಳೋವರೆಗೂ ಗಾಡಿ ಒಳಗೆ ಬರಲ್ಲ. ಗಾಡಿ ಬರೋವರೆಗೂ ಇವರು ಏಳಲ್ಲ!”

“ಹಾಗಾದ್ರೆ ಇವರು ಹೀಗೇನಾ ಇರೋದು? ನಾನು ಮುತ್ತೈದೆ ಅನ್ಕೊಳ್ಳಲೋ, ಏನನ್ಕೊಳ್ಳಲಿ?” ಎಂದು ವನಜಾಕ್ಷಮ್ಮ ಕಿರುಚಿದರು.

ಭಾವ ಮನೆಗೆ ಓಡಿಹೋಗಿ ತಿರುಗುಣಿ ತಿರುಗಿಸಿದರು. ಆ ತಿರುಗುಣಿಗೆ ಎರಡು ಗುರುತು ಇದ್ದವು: ‘ಅದೇ ಮನುಷ್ಯರಿಗೆ’, ‘ಯಾರು ಬಿಡುವೋ ಅವರಿಗೆ’. ಅಲ್ಲಿವರೆಗೆ ಅದು ಮೊದಲನೆಯದರ ಮೇಲಿತ್ತು. ಎರಡನೆಯದಕ್ಕೆ ಬಂದದ್ದೇ ತಡ, ತಮ್ಮ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಕೆಂಚಪ್ಪ ಮೇಷ್ಟ್ರು ದಡಬಡ ಎದ್ದು, ಗಂಗಪ್ಪನವರ ಮನೆಗೆ ನುಗ್ಗಿ, ಅಂಗಿಯ ಮಿಕ್ಕ ಒಂದು ತೋಳಿಗೆ ಇಸ್ತ್ರಿ ಹಾಕಿ, ಮಡಚಿ, ಕೈಗೆ ಕೊಟ್ಟರು. ಗಂಗಪ್ಪನವರು ಎದ್ದರು. ಅಷ್ಟರಲ್ಲಿ ಮದುವೆ ಊಟದ ಕೊನೇ ಪಂಕ್ತಿಯೂ ಎದ್ದಿತ್ತು.

“ನಾನು ಮೊದಲೇ ಹೀಗೆ ಇಡಬೇಕಾಗಿತ್ತು” ಎಂದು ಭಾವ ಬೀಗಿದರು. “ಯಾವ ಲೈನು ಖಾಲಿಯೋ ಆ ಲೈನಿಗೆ ಗಾಡಿ! ಮೂವತ್ತೆಂಟು ವರ್ಷ ಅದನ್ನೇ ಮಾಡಿದೀನಿ. ಮನುಷ್ಯರೇನು ಬೇರೇನಾ?”

“ಪ್ಲಾಟ್‌ಫಾರ್ಮಿಗೆ ಬಾಯಿಲ್ಲ ಭಾವ, ಮನುಷ್ಯರಿಗಿದೆ” ಎಂದೆ. ಯಾರೂ ಕೇಳಲಿಲ್ಲ.

ಮಾರನೇ ದಿನವೇ ಗೊತ್ತಾಯಿತು. ವನಜಾಕ್ಷಮ್ಮ ಫೋನಿನಲ್ಲಿ ಸರ್ವಮಂಗಳಳ ಜೊತೆ ಲೋಟದ ಜಗಳ ತೆಗೆದವರು, ಉಸಿರು ತೆಗೆದುಕೊಳ್ಳಲು “ಇರು” ಎಂದರು. ಮುಂದಿನ ಬೈಗುಳ, ಗ್ಯಾಸ್ ಸಿಲಿಂಡರ್ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದವನ ಬಾಯಲ್ಲಿ ಬಂತು. ಅವನು, “ನಾಚಿಕೆ ಆಗಲ್ವೇನೇ ಹೆತ್ತಮ್ಮನ ಸಾಮಾನು ಕದಿಯೋಕೆ” ಎಂದು ಗಂಗಪ್ಪನವರನ್ನು ಗದರಿಸಿ, ಗಾಬರಿಯಿಂದ ಬಾಯಿ ಮುಚ್ಚಿಕೊಂಡ. ಅದರ ಮುಂದಿನದು ಹೂ ಮಾರುವವಳಿಗೆ ಹೋಯಿತು. ಒಂದೊಂದು ಉಸಿರಿಗೆ ಒಂದೊಂದು ಬಾಯಿ! ನಾನು ಅರ್ಧ ಹಚ್ಚಿ ಇಟ್ಟಿದ್ದ ಫಾಲನ್ನು ಕೆಂಚಪ್ಪ ಮೇಷ್ಟ್ರು ಬಂದು ಮುಗಿಸಿದರು. ಹೊಟ್ಟೆ ಉರಿಸುವ ಸಂಗತಿಯೆಂದರೆ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು.

ಬಿಡುವಾಗಿ ಕಂಡವರ ತಲೆಗೆ ಊರಿನ ಉಳಿದ ಕೆಲಸವೆಲ್ಲ ಬೀಳತೊಡಗಿದ ಮೇಲೆ ಬೀದಿಯಲ್ಲಿ ಬಿಡುವಾಗಿರಲು ಯಾರಿಗೆ ಧೈರ್ಯ? ಗುಡಿಸಿದ ಅಂಗಳವನ್ನೇ ಗುಡಿಸಿದರು. ಸುಲಿದ ಅವರೆಕಾಳನ್ನೇ ಮತ್ತೆ ಸುಲಿಯುವಂತೆ ಕೈ ಆಡಿಸಿದರು. ಗಂಗಪ್ಪನವರು ಖಾಲಿ ಬಕೆಟ್ ಹಿಡಿದು ಬೀದಿಯ ಉದ್ದಕ್ಕೂ ಓಡಾಡಿದರು. ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಹರಟುವವರೇ ಇಲ್ಲವಾದರು. ಅಕ್ಕ ಇದ್ದಾಗ ಆ ಜಗಲಿಯಲ್ಲಿ ಜಾಗವೇ ಸಿಗುತ್ತಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಆ ಖಾಲಿ ಜಗಲಿ ನೋಡಿ. ಸಂಕಟವಾದಾಗ ನನಗೆ ಬರುವುದು ಸಿಟ್ಟು.

ಅದರ ಮುಂದಿನ ಮಂಗಳವಾರ, ಹನ್ನೊಂದು ಗಂಟೆ ಹೊತ್ತಿಗೆ ಸಾರಿನ ಪಾತ್ರೆ ಹಿಡಿದುಕೊಂಡೇ ನುಗ್ಗಿದೆ.

“ಇವತ್ತು ಈ ದರಿದ್ರ ಪೆಟ್ಟಿಗೆ ಆರಿಸದೇ ನಾನು ಹೋಗಲ್ಲ ಭಾವ!” ಎಂದು ಪ್ಲಗ್ಗಿಗೆ ಕೈ ಹಾಕಿದೆ.

“ಬೇಡ!” ಭಾವ ನನ್ನ ಮಣಿಕಟ್ಟು ಹಿಡಿದುಕೊಂಡರು. “ದಾಕ್ಷಾಯಿಣಿ, ಬೇಡಮ್ಮ. ಆರಿಸಿದ್ರೆ ಅದೂ ಹೋಗುತ್ತೆ.”

“ಯಾವುದು?”

ಅವರು ಎಂಟನೇ ದೀಪ ತೋರಿಸಿದರು.

“ಅದು ನಿಮ್ಮಕ್ಕಂದು.”

ನಾನು ಪಾತ್ರೆ ಕೆಳಗಿಟ್ಟೆ. ಇಡದಿದ್ದರೆ ಬೀಳುತ್ತಿತ್ತು.

“ಆವತ್ತು ಈ ಪೆಟ್ಟಿಗೆ ಮುಕ್ಕಾಲು ಮುಗಿದಿತ್ತು” ಎಂದರು ಭಾವ. “ಅವಳಿಗೋಸ್ಕರಾನೇ ಮಾಡ್ತಿದ್ದೆ. ‘ನೀವು ಎಲ್ಲಾನೂ ಅರ್ಧಕ್ಕೆ ಬಿಡ್ತೀರಿ’ ಅಂತಿದ್ದಳಲ್ಲ, ಅದಕ್ಕೆ. ಬಾಗಿಲಿಗೆ ಬಂದು ‘ರೀ, ಒಂದು ಮಾತು’ ಅಂದಳು. ನಾನು ತಿರುಗಲಿಲ್ಲ. ‘ಇರೇ, ಈ ತಂತಿ ಬೆಸೆದು ಬಂದೆ’ ಅಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು. ಆಮೇಲೆ ಪಾತ್ರೆ ಬಿದ್ದ ಸದ್ದು. ಎದ್ದು ಓಡಿದೆ. ಎಲ್ಲಾ ಮುಗಿದು ನಾನು ಈ ಕೋಣೆಗೆ ಮತ್ತೆ ಕಾಲಿಟ್ಟಾಗ ಈ ದೀಪ ಹೊತ್ತಿತ್ತು. ಪೆಟ್ಟಿಗೆ ಅವಳ ಮಾತನ್ನ ಹಿಡಿದುಕೊಂಡಿದೆ. ತಂತಿ ಬೆಸೆಯೋವರೆಗೂ ಇರು ಅಂದಿದ್ದೆನಲ್ಲ, ಅದಕ್ಕೆ ಇನ್ನೂ ಇದೆ.”

“ಆ ತಂತಿ?”

ಪೆಟ್ಟಿಗೆಯ ಹಿಂಭಾಗ ತೋರಿಸಿದರು. ಮಿಕ್ಕಿದ್ದೆಲ್ಲ ಬೆಸೆದಾಗಿತ್ತು, ಒಂದು ಹಸಿರು ತಂತಿ ಮಾತ್ರ ತುದಿ ಬಿಚ್ಚಿಕೊಂಡು ಜೋತುಬಿದ್ದಿತ್ತು.

“ಎರಡು ವರ್ಷದಿಂದ ಬೆಸೆದಿಲ್ಲವಾ ನೀವು?”

“ಮಾತನ್ನ ಒಂದೇ ಸಲ ಬಿಡೋಕಾಗೋದು ದಾಕ್ಷಾಯಿಣಿ. ತಪ್ಪಿದ್ರೆ ಮತ್ತೆ ಸಿಗಲ್ಲ. ‘ಅದೇ ಮನುಷ್ಯರಿಗೆ’ ಅಂತ ಇಟ್ಟರೆ ಪೆಟ್ಟಿಗೆ ಅವಳನ್ನ ಹುಡುಕುತ್ತೆ. ಸಿಗಲ್ಲ ಅಂತ ಅದಕ್ಕೆ ಹೇಗೆ ಹೇಳಲಿ? ಹುಡುಕ್ತಾನೇ ಇರುತ್ತೆ. ಬಿಟ್ಟ ಮಾತು ಸರಿಯಾಗಿ ಬರುತ್ತಾ ಅಂತ ನೋಡೋಕೇ ಬೀದಿಯೋರನ್ನೆಲ್ಲ ಸೇರಿಸಿದ್ದು. ಬೇರೆ ಬಾಯಲ್ಲೂ ಬರುತ್ತೆ. ಆದರೆ...”

“ಆದರೆ ಏನು?”

“ಎದೆ ನೋಯ್ತಿದೆ, ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂತ ಇದ್ದರೆ?”

ಎರಡು ವರ್ಷ ನಾನೂ ಅದನ್ನೇ ಅಂದುಕೊಂಡು ಈ ಮನುಷ್ಯನ ಮುಂದೆ ಸಾರು ಕುಕ್ಕಿದ್ದೆ. ಅವರೂ ಅದನ್ನೇ ಅಂದುಕೊಂಡು ಆ ಸಾರು ಉಂಡಿದ್ದರು. ನನಗೆ ಅಳು ಬಂತು. ಅಳು ಬಂದದ್ದು ತೋರಿಸಬಾರದೆಂದು ಮತ್ತೂ ಗಟ್ಟಿಯಾಗಿ ಬೈದೆ.

“ಹಾಗಿದ್ದರೆ ಹಾಗೇ ಇರಲಿ! ಕೇಳಿಸ್ಕೊಳ್ಳೋಣ! ಎರಡು ವರ್ಷದಿಂದ ನನ್ನ ಅಕ್ಕನ್ನ ಬಾಗಿಲಲ್ಲೇ ನಿಲ್ಲಿಸಿದೀರಲ್ಲ ಭಾವ, ನಿಮಗೆ ಮನಸ್ಸಾದರೂ ಹೇಗೆ ಬಂತು? ಬೆಸೆಯಿರಿ!”

ಬೆಸುಗೆ ಹಾಕುವ ಕಡ್ಡಿ ಬಿಸಿಯಾಯಿತು. ತಿರುಗುಣಿ ‘ಯಾರು ಬಿಡುವೋ ಅವರಿಗೆ’ ಎಂಬಲ್ಲೇ ಇತ್ತು. ಭಾವ ಕನ್ನಡಕ ಒರೆಸಿಕೊಂಡು ಹಸಿರು ತಂತಿಯನ್ನು ಜಾಗಕ್ಕೆ ಇಟ್ಟು ತಾಕಿಸಿದರು. ಸಣ್ಣ ಹೊಗೆ ಎದ್ದಿತು. ಎಂಟನೇ ದೀಪ ಆರಿತು.

ನಾವಿಬ್ಬರೂ ಒಬ್ಬರ ಬಾಯಿ ಒಬ್ಬರು ನೋಡಿದೆವು. ಏನೂ ಇಲ್ಲ. ನನ್ನ ಎದೆ ಹೊಡೆದುಕೊಳ್ಳುವ ಕೆಲಸದಲ್ಲಿತ್ತು, ಭಾವನ ಕೈಯಲ್ಲಿ ಕಡ್ಡಿಯಿತ್ತು. ಜಗಲಿಗೆ ಬಂದು ಬೀದಿ ನೋಡಿದೆವು. ಒಬ್ಬರು ಗುಡಿಸುತ್ತಿದ್ದರು, ಒಬ್ಬರು ಸುಲಿಯುತ್ತಿದ್ದರು, ಗಂಗಪ್ಪನವರು ಬಕೆಟ್ ಹಿಡಿದು ಓಡುತ್ತಿದ್ದರು. ಇಡೀ ಬೀದಿಯಲ್ಲಿ ಬಿಡುವಾದ ಒಂದು ಬಾಯಿ ಇರಲಿಲ್ಲ!

ಅಷ್ಟರಲ್ಲಿ ಛತ್ರಿಯ ಕಡ್ಡಿಗಳು ತಾವಾಗಿಯೇ ಕಿರ್ರೆಂದು ಸ್ಟೇಷನ್ನಿನ ಕಡೆ ತಿರುಗಿದವು. ಆ ಕಡೆಯಿಂದ ಮೈಕಿನ ಸದ್ದು ತೇಲಿ ಬಂತು. ಎರಡು ಗಂಟೆ ತಡವಾಗಿದ್ದ ಪ್ಯಾಸೆಂಜರು ಇನ್ನೇನು ಬರುತ್ತದೆ ಅಂತ.

“ಅಯ್ಯೋ! ಗಾಡಿಗೆ ಕಾಯೋರು!” ಎಂದರು ಭಾವ. “ಅವರಿಗಿಂತ ಬಿಡುವಾದೋರು ಯಾರಿದಾರೆ!”

ಅರವತ್ತಾರು ವರ್ಷದ ಭಾವ, ಮಂಡಿನೋವಿನ ನಾನು, ಇಬ್ಬರೂ ಓಡಿದೆವು. ಬೀದಿಯ ಕೊನೆಯ ಸಣ್ಣ ಗೇಟು ದಾಟಿದರೆ ಒಂದನೇ ಪ್ಲಾಟ್‌ಫಾರ್ಮು. ಇನ್ನೂರು ಜನ ಗಂಟುಮೂಟೆಗಳ ನಡುವೆ ಸುಮ್ಮನೆ ಕೂತಿದ್ದರು. ಕೈಗಾಡಿಯ ಮೇಲೆ ಕಾಲು ಇಳಿಬಿಟ್ಟಿದ್ದ ಹಮಾಲಿಯೊಬ್ಬ, ದೊಡ್ಡ ಮೀಸೆಯವನು, ಭಾವನನ್ನು ನೋಡಿ ತಲೆ ಓರೆ ಮಾಡಿದ.

“ಏನಂದ್ರೆ, ಇವತ್ತು ಯಾಕೋ ಒಲೆ ಮುಂದೆ ನಿಲ್ಲೋಕೆ ಮನಸ್ಸಾಗ್ತಿಲ್ಲ ರೀ...”

ದನಿ ಹಮಾಲಿಯದೇ. ಆದರೆ ಆ ‘ಏನಂದ್ರೆ’! ಅಕ್ಕ ಎರಡು ಮಾತಿಗೊಮ್ಮೆ ನಿಂತು, ‘ಏನಂದ್ರೆ’ ಅಂದೇ ಮುಂದಕ್ಕೆ ಹೋಗುತ್ತಿದ್ದಳು. ಅವಳು ನಿಂತಲ್ಲೆಲ್ಲ ಮಾತು ಬೇರೆ ಬಾಯಿಗೆ ಹಾರುತ್ತದೆ ಅನ್ನುವುದು ನನಗೆ ಆಗ ಹೊಳೆಯಿತು.

“ಮುಂದೆ! ಮುಂದೆ ಎಲ್ಲಿ ಹೋಯ್ತು?” ಎಂದು ಭಾವ ಸುತ್ತ ನೋಡಿದರು.

ನಾಲ್ಕು ಕಂಬ ಆಚೆ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಿಂದ ತಲೆಯೆತ್ತಿದಳು. “ಮೈಗೇನೂ ಆಗಿಲ್ಲ, ಗಾಬರಿ ಬೀಳಬೇಡಿ. ಏನಂದ್ರೆ...”

ಭಾವ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಕ್ಕ ನೂರಾಮೂರು ಡಿಗ್ರಿ ಜ್ವರದಲ್ಲೂ ‘ಏನೂ ಆಗಿಲ್ಲ’ ಅನ್ನುತ್ತಿದ್ದವಳು. ಆ ಮಾತನ್ನು ನಂಬುವುದೋ ಬಿಡುವುದೋ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

“ಓಡಿ ಭಾವ!” ಎಂದೆ.

ತೆಂಗಿನಕಾಯಿ ಮೂಟೆಯ ಮೇಲೆ ಕೂತಿದ್ದ ದಪ್ಪ ವ್ಯಾಪಾರಿಯ ಹತ್ತಿರ ಮುಟ್ಟುವಷ್ಟರಲ್ಲಿ ಅವರು ಅರ್ಧ ಹೇಳಿಯಾಗಿತ್ತು. “...ಪ್ಲಾಟ್‌ಫಾರ್ಮಿನಲ್ಲಿ ವಡೆ ಕರೀತಿದಾರೆ, ವಾಸನೆ ನಮ್ಮ ಹಿತ್ತಲಿಗೇ ಬರ್ತಿದೆ. ಏನಂದ್ರೆ...” ಎಂದು ನಾಚಿಕೊಂಡು ಸೆರಗು ಎಳೆದುಕೊಳ್ಳಲು ಭುಜ ತಡಕಿದರು. ಟವೆಲ್ ಸಿಕ್ಕಿತು.

ಆ ಗಳಿಗೆಗೇ ಗಂಟೆ ಹೊಡೆಯಿತು. ಗಾಡಿ ಬಂತು! ಇನ್ನೂರು ಜನ ಒಟ್ಟಿಗೆ ಎದ್ದರು. ಹಮಾಲಿ ಮೂಟೆ ಹೊತ್ತ, ಹುಡುಗಿ ಚೀಲ ಏರಿಸಿಕೊಂಡಳು, ವ್ಯಾಪಾರಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ಎಲ್ಲರ ಕೈಯಲ್ಲೂ ಕೆಲಸ, ಎಲ್ಲರ ಬಾಯಲ್ಲೂ ಕೂಗು. ಒಂದೇ ಒಂದು ಬಾಯಿ ಖಾಲಿ ಉಳಿಯಲಿಲ್ಲ.

“ಹೋಯ್ತು” ಎಂದರು ಭಾವ. “ದಾಕ್ಷಾಯಿಣಿ, ಅವಳ ಮಾತು ಗಾಡಿ ಹತ್ತಿ ಹೋಯ್ತು ಕಣಮ್ಮ.”

ನಾನು ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಅಳುತ್ತಿದ್ದೆ. ನನಗೂ ಬಿಡುವಿರಲಿಲ್ಲ. ಗಾಡಿ ಕೂಗಿ ಹೊರಟಿತು. ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ಭಾವ ಎರಡೂ ಕೈ ಇಳಿಬಿಟ್ಟುಕೊಂಡು ನಿಂತಿದ್ದರು. ಕೈಯಲ್ಲಿ ತಂತಿಯಿಲ್ಲ, ಕಡ್ಡಿಯಿಲ್ಲ. ಮಾಡುವುದಕ್ಕೆ ಏನೂ ಇಲ್ಲ. ನಾನು ಅವರನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಅವರು ಬಿಡುವಾಗಿದ್ದದ್ದನ್ನು ನೋಡಿದ್ದು ಅದೇ ಮೊದಲು.

ಅವರ ಬಾಯಿ ತೆರೆಯಿತು.

“ಏನಂದ್ರೆ, ಇಷ್ಟು ವರ್ಷ ಸ್ಟೇಷನ್ ಹಿಂದೇನೇ ಸಂಸಾರ ಮಾಡಿದ್ವಿ, ಒಂದು ದಿನಾನೂ ನಾವಿಬ್ರೂ ಆ ಬೆಂಚಿನ ಮೇಲೆ ಕೂತಿಲ್ಲ. ಬಿಸಿ ವಡೆ ತಿಂದು ಬರೋಣ್ವಾ? ನಿಮ್ಮ ತಂತಿ ಮುಗಿದ ಮೇಲೇ ಆಯ್ತು. ಅವಸರ ಏನಿಲ್ಲ.”

ಹೇಳಿ ಮುಗಿಸಿ ಅವರು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಅವರದೇ ದನಿಯಲ್ಲಿ, ತುಂಬಾ ಮೆಲ್ಲಗೆ, “ಬಂದೆ ಕಣೇ” ಎಂದರು.

ಭಾವ ಮೂರು ಪ್ಲೇಟು ವಡೆ ತಂದರು. ಬೆಂಚಿನ ಮೇಲೆ ಕೂತೆವು, ನಡುವೆ ಒಂದು ಪ್ಲೇಟು ಇಟ್ಟುಕೊಂಡು. ಎರಡು ವರ್ಷದಲ್ಲಿ ಆಡದ ಮಾತು ಏನೇನೋ ಆಡಿದೆವು. ಮೊದಲು ಮಾತಾಡಿದವಳು ನಾನು. “ಸಾರಿಗೆ ಉಪ್ಪು ಸರಿಯಾಗಿರುತ್ತಾ ಭಾವ?” ಎಂದೆ. “ಯಾವತ್ತೂ ಇರಲ್ಲ” ಎಂದರು.

ಸಂಜೆ ಪೆಟ್ಟಿಗೆಯ ಪ್ಲಗ್ಗನ್ನು ಅವರೇ ಕಿತ್ತರು. ಆದರೆ ಆಗಲೇ ಹಾರಿಹೋಗಿದ್ದ ಬೀದಿಯ ಉಳಿದ ಬಾಕಿಯೆಲ್ಲ ಅದೇ ಗಾಡಿ ಹತ್ತಿ ಹೋಗಿತ್ತಂತೆ. ಮೂರು ಸ್ಟೇಷನ್ ಆಚೆ ಟಿಕೆಟ್ ಕಲೆಕ್ಟರೊಬ್ಬರು ಟಿಕೆಟ್ ಕೇಳುವುದು ಬಿಟ್ಟು ಬೆಳ್ಳಿ ಲೋಟ ಕೇಳುತ್ತಿದ್ದರಂತೆ. ವಿಚಿತ್ರವೆಂದರೆ ಯಾರೋ ಹೆಂಗಸು ಹೆದರಿ ಚೀಲದಿಂದ ತೆಗೆದು ಕೊಟ್ಟೂ ಬಿಟ್ಟಳಂತೆ! ಅವಳು ಸರ್ವಮಂಗಳಳೋ ಅಲ್ಲವೋ ವನಜಾಕ್ಷಮ್ಮ ಇನ್ನೂ ವಿಚಾರಿಸುತ್ತಿದ್ದಾರೆ.

ವಡೆಯ ವಿಷಯ ಹೇಳಬೇಕು. ಭಾವ ತಮ್ಮ ಪ್ಲೇಟು ಮುಗಿಸಿ ಅಕ್ಕನದನ್ನೂ ಎತ್ತಿಕೊಂಡು, ಅಳುತ್ತಲೇ ಪೂರ್ತಿ ತಿಂದರು, ಅರ್ಧಕ್ಕೆ ಬಿಡಲಿಲ್ಲ. ವಡೆ ತಣ್ಣಗಿತ್ತು, ಎಣ್ಣೆ ಹಳೇದು. ಅಕ್ಕ ಬಂದಿದ್ದರೆ ಅವತ್ತೂ ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದಳು.